ಇವಿ ಸರ್ವಿಸ್‌ಗೆ ಹೋದಾಗ ಕೈಗೆ ಬರುವ ಬದಲಿ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಎಲೆಕ್ಟ್ರಿಕ್ ಕಾರನ್ನು, ಅಂದರೆ ಇವಿಯನ್ನು, ಸರ್ವಿಸ್‌ಗೆ ಬಿಟ್ಟ ದಿನಗಳಲ್ಲಿ ಓಡಾಡಲು ಡೀಲರ್ ಕೊಡುವ ಬದಲಿ ಕಾರಿನ ಬಗ್ಗೆ ಹಲವು ಪತ್ರಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಉದ್ದದ ಪತ್ರಗಳಿಂದ ಪ್ರಶ್ನೆಯ ತಿರುಳನ್ನಷ್ಟೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾಲ್ಕು ವರ್ಷಗಳಿಂದ ಇವಿ ಬಿಟ್ಟು ಬೇರೆ ಕಾರು ಮುಟ್ಟಿಲ್ಲ. ಸರ್ವಿಸ್ ಮುಗಿಯುವವರೆಗೆ ಪೆಟ್ರೋಲ್ ಆಟೊಮ್ಯಾಟಿಕ್ ಕೊಡುತ್ತೇವೆ ಎಂದಿದ್ದಾರೆ. ಅದರಲ್ಲೂ ಎರಡೇ ಪೆಡಲ್, ಇದರಲ್ಲೂ ಎರಡೇ ಪೆಡಲ್. ಹೊಸದಾಗಿ ಕಲಿಯುವುದೇನಾದರೂ ಇದೆಯೇ?

ಉತ್ತರ: ಇದೆ. ಪೆಡಲ್ ಎರಡೇ ಆದರೂ ನಾಲ್ಕು ವರ್ಷಗಳಲ್ಲಿ ನಿಮ್ಮ ಬಲಗಾಲಿಗೆ ಅಂಟಿದ ರೂಢಿ ಬೇರೆ. ಇವಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗುತ್ತದೆ, ಚಕ್ರದ ಓಟವನ್ನು ವಿದ್ಯುತ್ತಾಗಿ ಬ್ಯಾಟರಿಗೆ ತುಂಬುತ್ತದೆ, ಆ ಎಳೆತಕ್ಕೆ ಕಾರಿನ ವೇಗ ಇಳಿಯುತ್ತದೆ. ಇದನ್ನೇ ರೀಜೆನ್ ಎನ್ನುತ್ತಾರೆ. ಪೆಟ್ರೋಲ್ ಕಾರಿನಲ್ಲಿ ಕಾಲು ತೆಗೆದರೆ ಎಂಜಿನ್ನಿನ ಸಣ್ಣ ಎಳೆತ ಮಾತ್ರ ಉಳಿಯುತ್ತದೆ. ವ್ಯತ್ಯಾಸ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವಾಗ ಕಾಲೆತ್ತಿದರೆ, ರೀಜೆನ್ ಜೋರಾಗಿರುವ ಇವಿ ಸುಮಾರು 50 ಮೀಟರಿನಲ್ಲಿ ನಿಲ್ಲುವ ಹಂತಕ್ಕೆ ಬರುತ್ತದೆ. ಪೆಟ್ರೋಲ್ ಕಾರು ಆ 50 ಮೀಟರ್ ದಾಟುವಾಗಲೂ 40ಕ್ಕಿಂತ ಹೆಚ್ಚಿನ ವೇಗದಲ್ಲೇ ಇರುತ್ತದೆ. ಕೆಂಪು ದೀಪ ಕಂಡಾಗ ಅಭ್ಯಾಸಬಲದಿಂದ ಕಾಲೆತ್ತಿ ಒಂದೆರಡು ಸೆಕೆಂಡು ಸುಮ್ಮನಿದ್ದರೆ, ಆಮೇಲೆ ಬ್ರೇಕನ್ನು ಗಟ್ಟಿಯಾಗಿ ಒತ್ತಲೇಬೇಕಾಗುತ್ತದೆ.

ಎರಡನೆಯದು, ನಿಂತ ಮೇಲಿನ ಎಡವಟ್ಟು. ಅನೇಕ ಇವಿಗಳು ಒಮ್ಮೆ ನಿಂತರೆ ತಾವಾಗಿಯೇ ಹಿಡಿದು ನಿಲ್ಲುತ್ತವೆ, ಕಾಲನ್ನು ಹಾಯಾಗಿ ಪಕ್ಕಕ್ಕಿಡಬಹುದು. ಪೆಟ್ರೋಲ್ ಆಟೊಮ್ಯಾಟಿಕ್ ‘ಡಿ’ಯಲ್ಲಿ, ಅಂದರೆ ಮುಂದಕ್ಕೆ ಓಡುವ ಗೇರಿನಲ್ಲಿದ್ದು ಬ್ರೇಕ್ ಮೇಲೆ ಕಾಲಿಲ್ಲದಿದ್ದರೆ ನಡಿಗೆಯ ವೇಗದಲ್ಲಿ ತೆವಳುತ್ತಾ ಮುಂದಿನ ವಾಹನಕ್ಕೆ ತಾಗುತ್ತದೆ. ನಿಂತ ಕಾರನ್ನು ತಾನೇ ಬ್ರೇಕಿನಲ್ಲಿ ಹಿಡಿದಿಡುವ ಆಟೊ ಹೋಲ್ಡ್ ಗುಂಡಿ ಇದ್ದರೆ ಒತ್ತಿಟ್ಟುಕೊಳ್ಳಿ. ಇಂಥ ಗುಂಡಿ ಹಲವು ಕಾರುಗಳಲ್ಲಿ ಪ್ರತಿ ಸಲ ಕಾರು ಆನ್ ಮಾಡಿದಾಗಲೂ ಮತ್ತೆ ಒತ್ತಬೇಕಾದ ಬಗೆಯದು, ನೆನಪಿರಲಿ.

ಮೂರನೆಯದು ಓವರ್‌ಟೇಕ್. ಇವಿಯ ಮೋಟಾರು ಒತ್ತಿದ ಕ್ಷಣಕ್ಕೇ ಪೂರ್ತಿ ಬಲ ಕೊಡುತ್ತದೆ. ಪೆಟ್ರೋಲ್ ಕಾರಿನ ಗೇರ್‌ಬಾಕ್ಸ್ ಕೆಳಗಿನ ಗೇರಿಗೆ ಇಳಿದು, ಟರ್ಬೊ ಇದ್ದರೆ ಅದೂ ತಿರುಗಿ, ಆಮೇಲೆ ಎಳೆಯಬೇಕು. ಆ ಒಂದು ಒಂದೂವರೆ ಸೆಕೆಂಡಿನಲ್ಲಿ ಗಂಟೆಗೆ 80 ಕಿ.ಮೀ. ವೇಗದ ಕಾರು 22ರಿಂದ 33 ಮೀಟರ್ ಸಾಗಿರುತ್ತದೆ. ನಿಮ್ಮ ಇವಿಯಲ್ಲಿ ನುಗ್ಗಬಹುದಾಗಿದ್ದ ಜಾಗ ಇದರಲ್ಲಿ ಸಾಲದು. ಮುಖ್ಯರಸ್ತೆಗೆ ಸೇರುವಾಗಲೂ ಇದೇ ಮಾತು.

ಉದ್ದದ ಇಳಿಜಾರಿನಲ್ಲಿ ಕಾರನ್ನು ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲೂರಿಕೊಂಡು ಇಳಿಯಬೇಡಿ. ಬ್ರೇಕ್ ಬಿಸಿಯಾಗುತ್ತದೆ, ಕಾದ ಬ್ರೇಕಿನ ಹಿಡಿತ ಕುಗ್ಗುತ್ತದೆ. ಗೇರ್ ಲಿವರನ್ನು ‘ಎಲ್’ ಅಥವಾ ಮ್ಯಾನುಯಲ್ ಸ್ಥಾನಕ್ಕೆ ತಂದು ಕೆಳಗಿನ ಗೇರಿನಲ್ಲಿ ಇಳಿಯಿರಿ, ಎಂಜಿನ್ ಸದ್ದು ಏರಿದರೆ ಹೆದರಬೇಡಿ. ಏರಿನಲ್ಲಿ ನಿಂತು ಹೊರಡುವಾಗ ಕಾರು ಜಾರದಂತೆ ತಡೆಯುವ ಹಿಲ್ ಅಸಿಸ್ಟ್ ಹಿಡಿದುಕೊಳ್ಳುವುದು ಸುಮಾರು 2 ಸೆಕೆಂಡು ಮಾತ್ರ. ಅಷ್ಟರೊಳಗೆ ಆಕ್ಸಿಲರೇಟರ್ ಒತ್ತದಿದ್ದರೆ, ಅದರಲ್ಲೂ ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಬಗೆಯ) ಗೇರ್‌ಬಾಕ್ಸ್ ಇರುವ ಕಾರು, ಹಿಂದಕ್ಕೆ ಜಾರಬಹುದು.

ಇನ್ನೂ ಒಂದು ಅಪಾಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ನಿಮ್ಮ ಇವಿಯ ಕ್ರೂಸ್ ಕಂಟ್ರೋಲ್ ಮುಂದಿನ ವಾಹನ ನೋಡಿ ತಾನೇ ನಿಧಾನವಾಗುವ ಬಗೆಯದಾಗಿದ್ದರೆ, ಬದಲಿ ಕಾರಿನದೂ ಹಾಗೇ ಎಂದುಕೊಳ್ಳಬೇಡಿ. ಸಾಮಾನ್ಯ ಕ್ರೂಸ್ ವೇಗವನ್ನು ಹಿಡಿದಿಡುತ್ತದೆ, ಅಷ್ಟೇ. ಎದುರು ಲಾರಿ ನಿಂತಿದ್ದರೂ ಅದು ಬ್ರೇಕ್ ಹಾಕುವುದಿಲ್ಲ. ಸ್ಟಿಯರಿಂಗ್ ಮೇಲೆ ಅಂತರ ಹೊಂದಿಸುವ ಗುಂಡಿ, ಅಂದರೆ ಕಾರಿನ ಮುಂದೆ ಗೆರೆಗಳಿರುವ ಚಿತ್ರ, ಕಾಣದಿದ್ದರೆ ಅದು ಸಾಮಾನ್ಯ ಕ್ರೂಸ್ ಎಂದೇ ತಿಳಿಯಿರಿ.

ಡೀಲರ್ ಅಂಗಳದಲ್ಲೇ ಅಥವಾ ಪಕ್ಕದ ಖಾಲಿ ಜಾಗದಲ್ಲಿ ಐದಾರು ಸಲ 30 ಕಿ.ಮೀ. ವೇಗದಿಂದ ಬ್ರೇಕ್ ಹಾಕಿ ನಿಲ್ಲಿಸಿ ನೋಡಿ. ಹತ್ತು ನಿಮಿಷದ ಕೆಲಸ, ಕಾಲಿಗೆ ಹಳೆಯ ಪಾಠ ಮರಳಿ ಬರುತ್ತದೆ.

ಪ್ರಶ್ನೆ: ನನ್ನ ಇವಿಯಲ್ಲಿ ಸ್ಟಾರ್ಟ್ ಗುಂಡಿಯೇ ಇಲ್ಲ. ಇಳಿದು ಬಾಗಿಲು ಹಾಕಿ ನಡೆದರೆ ಕಾರು ತಾನೇ ಆಫ್ ಆಗಿ ಲಾಕ್ ಆಗುತ್ತದೆ. ಬದಲಿ ಕಾರನ್ನೂ ಹಾಗೇ ಬಿಟ್ಟು ಹೋಗಿಬಿಟ್ಟೆ, ಅರ್ಧ ಗಂಟೆ ಎಂಜಿನ್ ಓಡುತ್ತಲೇ ಇತ್ತು. ಕೀ ನನ್ನ ಜೇಬಿನಲ್ಲಿದ್ದರೂ ಅದು ನಿಲ್ಲಲಿಲ್ಲವೇಕೆ?

ಉತ್ತರ: ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಎಷ್ಟೋ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಕೀ ದೂರ ಹೋದರೆ ಬೀಪ್ ಸದ್ದು ಬರುತ್ತದೆ, ಪರದೆ ಮೇಲೆ ಎಚ್ಚರಿಕೆ ಕಾಣುತ್ತದೆ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಕಾರು ಓಡುತ್ತಿರುವಾಗ ಕೀ ಒಳಗಿನ ಬ್ಯಾಟರಿ ಸತ್ತರೆ ನಡುರಸ್ತೆಯಲ್ಲಿ ಎಂಜಿನ್ ನಿಲ್ಲಬಾರದೆಂದೇ ಹಾಗೆ ಮಾಡಿರುತ್ತಾರೆ.

ನಿಮ್ಮ ಕಾರು ಬಯಲಿನಲ್ಲಿತ್ತು, ಪುಣ್ಯ. ಮನೆಗೆ ಅಂಟಿಕೊಂಡ ಮುಚ್ಚಿದ ಗ್ಯಾರೇಜಿನಲ್ಲಿ ಇದೇ ಮರೆವು ಪ್ರಾಣ ತೆಗೆಯುತ್ತದೆ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲ ಸಂದಿನಲ್ಲಿ ಮನೆಯೊಳಗೆ ನುಸುಳುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ ಕಾಣಿಸಿಕೊಳ್ಳುತ್ತವೆ, ಮಲಗಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಇವಿ ಓಡಿಸಿ ರೂಢಿಯಾದವರಿಗೆ ಮೌನ ಎಂದರೆ ‘ಆಫ್’ ಅಲ್ಲ, ಓಡುವ ಕಾರೂ ಮೌನವೇ. ಹೀಗಾಗಿ ಮೆಲ್ಲಗೆ ಗುನುಗುವ ಹೊಸ ಎಂಜಿನ್ನಿನ ಸದ್ದು ಕಿವಿಗೆ ಬೀಳುವುದೇ ಇಲ್ಲ.

ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಲ್ಲಿಸುವ ಐಡಲ್ ಸ್ಟಾಪ್ ಇದ್ದರೆ ಮೋಸ ಇನ್ನೂ ಸುಲಭ. ನಿಲ್ಲಿಸಿದ ಕೂಡಲೇ ಎಂಜಿನ್ ಸದ್ದಡಗುತ್ತದೆ, ಚಾಲಕ ಆಫ್ ಆಯಿತೆಂದುಕೊಳ್ಳುತ್ತಾನೆ. ಬ್ರೇಕ್‌ನಿಂದ ಕಾಲು ತೆಗೆದೊಡನೆ ಎಂಜಿನ್ ಎದ್ದು, ಗೇರು ‘ಡಿ’ಯಲ್ಲೇ ಇದ್ದರೆ ಕಾರು ಹೊರಟೇಬಿಡುತ್ತದೆ.

ಇಳಿಯುವ ಕ್ರಮವನ್ನು ಗಟ್ಟಿ ಮಾಡಿಕೊಳ್ಳಿ: ಬ್ರೇಕ್ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರನ್ನು ‘ಪಿ’ಗೆ (ಪಾರ್ಕ್) ತನ್ನಿ, ಗುಂಡಿ ಒತ್ತಿ, ಮೀಟರಿನಲ್ಲಿ ಎಂಜಿನ್ ವೇಗದ ಮುಳ್ಳು ಸೊನ್ನೆಗೆ ಬಿದ್ದು ದೀಪಗಳು ಆರಿದ್ದನ್ನು ಕಣ್ಣಿಂದ ನೋಡಿ, ಆಮೇಲೆ ಬ್ರೇಕ್ ಬಿಡಿ. ಹ್ಯಾಂಡ್‌ಬ್ರೇಕ್ ಮೊದಲು, ‘ಪಿ’ ಆಮೇಲೆ. ತಿರುವುಮುರುವಾದರೆ ಇಳಿಜಾರಿನಲ್ಲಿ ಕಾರಿನ ಭಾರವೆಲ್ಲ ಗೇರ್‌ಬಾಕ್ಸ್ ಒಳಗಿನ ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಬದಲಿ ಕಾರು ನಿಮ್ಮಲ್ಲಿರುವಷ್ಟು ದಿನ ಅದನ್ನು ಗ್ಯಾರೇಜಿನ ಹೊರಗೇ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಮ್ಯಾನುಯಲ್ ಗೇರಿನ ಕಾರು ಮಾತ್ರ ಇದೆ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಉತ್ತರ: ಕ್ಲಚ್ ಮುಟ್ಟಿ ವರ್ಷಗಳಾಗಿದ್ದರೆ ಬೇಡ ಎನ್ನಿ. ಗಾಬರಿಯಲ್ಲಿ ಎಡಗಾಲು ಕ್ಲಚ್ ಹುಡುಕುವುದನ್ನು ಮರೆಯುತ್ತದೆ, ಕಾರು ಕುಲುಕಿ ನಿಲ್ಲುತ್ತದೆ, ಅದೂ ಜಂಕ್ಷನ್ ನಡುವೆ. ನಿಮ್ಮ ಪರವಾನಗಿ ಆಟೊಮ್ಯಾಟಿಕ್‌ಗೆ ಮಾತ್ರ ಸೀಮಿತವಾಗಿದ್ದರಂತೂ ಪ್ರಶ್ನೆಯೇ ಇಲ್ಲ, ವಿಮೆಯೂ ಕೈಬಿಡುತ್ತದೆ. ಬುಕಿಂಗ್ ಮಾಡುವಾಗಲೇ ‘ಆಟೊಮ್ಯಾಟಿಕ್ ಬೇಕು’ ಎಂದು ಬರಹದಲ್ಲಿ ತಿಳಿಸಿ.

ಪ್ರಶ್ನೆ: ಬದಲಿ ಕಾರಿಗೆ ಇಂಧನ ಹಾಕಿಸುವಾಗ ನೋಡಬೇಕಾದ್ದೇನು? ಹಿಂದಿರುಗಿಸುವಾಗ ಟ್ಯಾಂಕ್ ಎಷ್ಟಿರಬೇಕು?

ಉತ್ತರ: ಮೊದಲು ಯಾವ ಇಂಧನ ಎಂಬುದನ್ನು ಸಿಬ್ಬಂದಿಯಿಂದ ಬಾಯಿಮಾತಿನಲ್ಲಿ ಕೇಳಿ, ಟ್ಯಾಂಕ್ ಮುಚ್ಚಳದ ಒಳಗಿನ ಚೀಟಿಯಲ್ಲಿ ಖಚಿತ ಮಾಡಿಕೊಳ್ಳಿ. ಡೀಸೆಲ್ ನಾಜಲ್ ದಪ್ಪ, ಸಾಮಾನ್ಯವಾಗಿ ಪೆಟ್ರೋಲ್ ಕಾರಿನ ಬಾಯಿಗೆ ಇಳಿಯುವುದಿಲ್ಲ. ಪೆಟ್ರೋಲ್ ನಾಜಲ್ ತೆಳ್ಳಗಿದ್ದು ಡೀಸೆಲ್ ಕಾರಿಗೆ ಸಲೀಸಾಗಿ ಹೋಗುತ್ತದೆ. ತಪ್ಪು ಹೆಚ್ಚಾಗಿ ಈ ದಿಕ್ಕಿನಲ್ಲೇ ಆಗುತ್ತದೆ, ನಷ್ಟವೂ ಈ ದಿಕ್ಕಿನಲ್ಲೇ ಹೆಚ್ಚು. ಡೀಸೆಲ್ ಕಾರಿನ ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಎಣ್ಣೆ. ಪೆಟ್ರೋಲಿಗೆ ಆ ಜಿಡ್ಡಿಲ್ಲ, ಲೋಹಕ್ಕೆ ಲೋಹ ಉಜ್ಜಿ ಪುಡಿ ಎದ್ದು, ಎಂಜಿನ್ನಿಗೆ ಇಂಧನ ಸಿಂಪಡಿಸುವ ಇಂಜೆಕ್ಟರ್‌ವರೆಗೆ ಹೋಗುತ್ತದೆ.

ತಪ್ಪು ಹಾಕಿದ್ದು ಬಂಕಿನಲ್ಲೇ ಗೊತ್ತಾದರೆ ಸ್ಟಾರ್ಟ್ ಮಾಡಬೇಡಿ. ಬರೀ ಇಗ್ನಿಷನ್ ಕೂಡ ಆನ್ ಮಾಡಬೇಡಿ, ಅಷ್ಟಕ್ಕೇ ಟ್ಯಾಂಕಿನ ಪಂಪು ಓಡಿ ಇಂಧನವನ್ನು ಮುಂದಕ್ಕೆ ತಳ್ಳುವ ಕಾರುಗಳಿವೆ. ಗೇರನ್ನು ನ್ಯೂಟ್ರಲ್‌ಗೆ ತಂದು ಪಕ್ಕಕ್ಕೆ ತಳ್ಳಿಸಿ, ಡೀಲರ್‌ಗೆ ಫೋನ್ ಮಾಡಿ. ಟ್ಯಾಂಕ್ ಖಾಲಿ ಮಾಡಿಸಿದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಓಡಿಸಿದರೆ ಪಂಪು, ಪೈಪು, ಇಂಜೆಕ್ಟರ್ ಎಲ್ಲಾ ಬದಲಿಸುವವರೆಗೆ ಹೋಗಬಹುದು, ಮತ್ತು ಇಂಥ ತಪ್ಪನ್ನು ಬಹಳಷ್ಟು ವಿಮೆಗಳು ಒಪ್ಪುವುದಿಲ್ಲ. ಡೀಸೆಲ್ ಕಾರಿನಲ್ಲಿ ಪಕ್ಕದಲ್ಲೇ ಇರುವ ನೀಲಿ ಮುಚ್ಚಳ, ಎಂಜಿನ್ ಹೊಗೆಯನ್ನು ಶುದ್ಧ ಮಾಡುವ ಆ್ಯಡ್‌ಬ್ಲೂ ದ್ರವದ್ದು. ಅದಕ್ಕೆ ಡೀಸೆಲ್ ಬೇಡ, ಡೀಸೆಲ್ ಟ್ಯಾಂಕಿಗೆ ಆ ದ್ರವವೂ ಬೇಡ.

ಟ್ಯಾಂಕ್ ಯಾವ ಬದಿಗಿದೆ ಎಂಬುದನ್ನು ಇಂಧನ ಮೀಟರಿನ ಪಕ್ಕದ ಸಣ್ಣ ಬಾಣ ತೋರಿಸುತ್ತದೆ. ಪ್ಲಗ್-ಇನ್ ಹೈಬ್ರಿಡ್ ಕೊಟ್ಟಿದ್ದರೆ ಮುಚ್ಚಳ ಎಳೆದರೆ ತೆರೆಯದೇ ಇರಬಹುದು. ಅವುಗಳಲ್ಲಿ ಅನೇಕ ಕಾರುಗಳ ಟ್ಯಾಂಕಿನೊಳಗೆ ಒತ್ತಡ ಇರುತ್ತದೆ. ಒಳಗಿನ ಗುಂಡಿ ಒತ್ತಿ, ಒತ್ತಡ ಇಳಿದು ಮುಚ್ಚಳ ಬಿಡುವವರೆಗೆ ಕಾಯಬೇಕು. ಬಲವಂತ ಮಾಡಿದರೆ ಕೊಂಡಿ ಮುರಿಯುತ್ತದೆ. ನಾಜಲ್ ತಾನೇ ‘ಟಕ್’ ಎಂದು ನಿಂತ ಮೇಲೆ ಇನ್ನಷ್ಟು ಸುರಿಸಬೇಡಿ. ಹೆಚ್ಚಾದ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಹಾಳು ಮಾಡುತ್ತದೆ.

ಕೊಟ್ಟಾಗ ಎಷ್ಟಿತ್ತೋ ಅಷ್ಟು ತುಂಬಿಸಿ ಕೊಡಿ ಎಂಬುದು ಸಾಮಾನ್ಯ ಷರತ್ತು. ಮುಳ್ಳಿನ ಲೆಕ್ಕ ಅಂದಾಜಿನದು, ಅದನ್ನೇ ನೆಚ್ಚಿದರೆ ಜಗಳಕ್ಕೆ ದಾರಿ. ಓಡಿಸಿದ ಕಿ.ಮೀ.ಯನ್ನು ಕಾರಿನ ಸರಾಸರಿ ಮೈಲೇಜಿನಿಂದ ಭಾಗಿಸಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರನ್ನು 180 ಕಿ.ಮೀ. ಓಡಿಸಿದ್ದರೆ 12 ಲೀಟರ್. ಡೀಲರ್‌ಗೆ ಹತ್ತಿರದ ಬಂಕಿನಲ್ಲೇ ಹಾಕಿಸಿ, ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಸಹಿ ಹಾಕುವಾಗ ಆತುರಪಡಿಸುತ್ತಾರೆ. ಕಳೆದ ಬಾರಿ ನಾನು ಮಾಡದ ಗೀರಿಗೆ ಹಣ ಕಟ್ಟಬೇಕಾಯಿತು. ಏನನ್ನು ನೋಡಿ ಸಹಿ ಹಾಕಬೇಕು?

ಉತ್ತರ: ಕಾಗದಕ್ಕಿಂತ ಮುಂಚೆ ಕಾರು ನೋಡಿ. ತೊಳೆದು ಒದ್ದೆಯಾಗಿಯೇ ತಂದು ನಿಲ್ಲಿಸಿದ ಕಾರಿನಲ್ಲಿ ಗೀರು ಕಾಣುವುದಿಲ್ಲ. ಒರೆಸಲು ಹೇಳಿ. ಒರೆಸದಿದ್ದರೆ ‘ಕಾರು ಒದ್ದೆಯಿತ್ತು’ ಎಂದು ನಮೂನೆಯ ಮೇಲೆ ಬರೆದೇ ಸಹಿ ಹಾಕಿ. ಮೊಬೈಲಿನಲ್ಲಿ ನಿಲ್ಲಿಸದೆ ಒಂದು ಸುತ್ತು ವಿಡಿಯೊ ಮಾಡಿ, ಎರಡು ನಿಮಿಷ ಸಾಕು. ವಿಡಿಯೊದ ಶುರುವಿನಲ್ಲಿ ನಂಬರ್ ಪ್ಲೇಟ್, ಕೊನೆಯಲ್ಲಿ ಓಡಿದ ಕಿ.ಮೀ. ಮತ್ತು ಇಂಧನ ಅಥವಾ ಚಾರ್ಜ್ ಮಟ್ಟ ಬರಲಿ. ಬಂಪರಿನ ಕೆಳ ಅಂಚು, ನಾಲ್ಕೂ ಚಕ್ರಗಳ ರಿಮ್, ಮುಂದಿನ ಗಾಜು, ಬಾಗಿಲ ಅಂಚು, ಡಿಕ್ಕಿಯ ತುಟಿ, ಇವಿಷ್ಟರ ಹತ್ತಿರದ ಫೋಟೊ ಪ್ರತ್ಯೇಕವಾಗಿ ತೆಗೆಯಿರಿ. ತಕರಾರು ಬರುವುದು ಇಲ್ಲಿಯೇ. ಸ್ಟೆಪ್ನಿ ಇದೆಯೇ ಅಥವಾ ಪಂಕ್ಚರ್ ಕಿಟ್ ಮಾತ್ರವೇ ಎಂಬುದನ್ನೂ ನೋಡಿ. ನಂತರ ಆ ಚಿತ್ರಗಳನ್ನು ಅಲ್ಲಿಂದಲೇ ಡೀಲರ್‌ನ ಇಮೇಲಿಗೆ ಕಳಿಸಿಬಿಡಿ, ಸಮಯ ದಾಖಲಾಗುತ್ತದೆ.

ಕಾಗದದಲ್ಲಿ ಮುಖ್ಯವಾದುದು ವಿಮೆ. ವಿಮೆ ಯಾರದು, ಡೀಲರ್‌ನದೋ ನಿಮ್ಮ ಸ್ವಂತ ಪಾಲಿಸಿ ಬದಲಿ ಕಾರಿಗೂ ಹಬ್ಬುತ್ತದೋ? ಹಾನಿಯಾದಾಗ ವಿಮೆ ಶುರುವಾಗುವ ಮುನ್ನ ನಿಮ್ಮ ಕೈಯಿಂದ ಕಟ್ಟಬೇಕಾದ ಮೊತ್ತ ಎಷ್ಟು? ಟೈರು, ರಿಮ್, ಗಾಜು, ಕಾರಿನ ತಳ, ಕಳೆದುಹೋದ ಕೀ, ಇವನ್ನು ಬಹಳ ಕಡೆ ವಿಮೆಯಿಂದ ಹೊರಗಿಟ್ಟಿರುತ್ತಾರೆ. ಓಡಿಸಲು ಯಾರ ಹೆಸರಿದೆ ಎಂದು ನೋಡಿ. ಮನೆಯಲ್ಲಿ ಇನ್ನೊಬ್ಬರು ಓಡಿಸುವುದಾದರೆ ಅವರ ಪರವಾನಗಿಯನ್ನೂ ಅಂದೇ ಸೇರಿಸಿ. ಹೆಸರಿಲ್ಲದವರು ಓಡಿಸಿ ಅಪಘಾತವಾದರೆ ಪೂರ್ತಿ ಹೊಣೆ ನಿಮ್ಮ ತಲೆಗೆ ಬರಬಹುದು. ದಿನಕ್ಕಿಷ್ಟು ಕಿ.ಮೀ. ಎಂಬ ಮಿತಿ, ಗಡಿ ದಾಟಬಾರದೆಂಬ ನಿಬಂಧನೆ, ನಿಮ್ಮ ಕಾರು ಸಿದ್ಧವಾಯಿತೆಂದ ಮೇಲೆ ಎಷ್ಟು ಗಂಟೆಯೊಳಗೆ ಹಿಂದಿರುಗಿಸಬೇಕು ಎಂಬ ಗಡುವು ಸಣ್ಣಕ್ಷರದಲ್ಲಿರುತ್ತವೆ.

ಹೊರಡುವ ಮುನ್ನ ಸೀಟು, ಕನ್ನಡಿ ಹೊಂದಿಸಿ, ವೈಪರ್ ಮತ್ತು ಇಂಡಿಕೇಟರ್ ಕಡ್ಡಿಗಳನ್ನು ಒಮ್ಮೆ ಆಡಿಸಿ. ನಿಮ್ಮ ಇವಿಯಲ್ಲಿ ಗೇರು ಸ್ಟಿಯರಿಂಗ್ ಪಕ್ಕದ ಕಡ್ಡಿಯಲ್ಲಿದ್ದು ಬದಲಿ ಕಾರಿನಲ್ಲಿ ಅದೇ ಜಾಗದಲ್ಲಿ ವೈಪರ್ ಇದ್ದರೆ, ರಿವರ್ಸ್ ಹಾಕಹೋಗಿ ಗಾಜು ಒರೆಸುವುದು ಖಂಡಿತ. ಅದು ನಿರುಪದ್ರವಿ. ಮತ್ತೆ ನಿಮ್ಮ ಇವಿಗೆ ಮರಳಿದ ದಿನ ವೈಪರ್ ಎಂದುಕೊಂಡು ಗೇರ್ ಕಡ್ಡಿ ಎಳೆಯುವುದು ಮಾತ್ರ ನಿರುಪದ್ರವಿಯಲ್ಲ.

ಪ್ರಶ್ನೆ: ಬದಲಿಯಾಗಿ ಬೇರೆ ಕಂಪನಿಯ ಇವಿ ಕೊಟ್ಟಿದ್ದಾರೆ. ರಾತ್ರಿ ಮನೆಯಲ್ಲಿ ಪ್ಲಗ್ ಹಾಕಿದರೆ ಜಪ್ಪಯ್ಯ ಅಂದರೂ ಚಾರ್ಜ್ ಆಗಲಿಲ್ಲ. ನನ್ನ ಕಾರಿಗೆ ಅದೇ ಚಾರ್ಜರ್ ಸರಿಯಾಗಿ ಕೆಲಸ ಮಾಡುತ್ತದೆ. ಅದು ತೋರಿಸುವ ರೇಂಜನ್ನು ಎಷ್ಟು ನಂಬಬಹುದು?

ಉತ್ತರ: ಚಾರ್ಜರ್ ಸರಿಯಿದೆ ಎಂದರೆ ಮೊದಲ ಅನುಮಾನ ಕಾರಿನ ವೇಳಾಪಟ್ಟಿಯ ಮೇಲೆ. ಹಿಂದೆ ಓಡಿಸಿದವರು ಅಥವಾ ಡೀಲರ್ ಸಿಬ್ಬಂದಿ ಇಂತಿಷ್ಟು ಹೊತ್ತಿಗೇ ಚಾರ್ಜ್ ಶುರುವಾಗಲಿ ಎಂದು ಹೊಂದಿಸಿಟ್ಟಿರುತ್ತಾರೆ. ಚಾರ್ಜಿಂಗ್ ಮೆನುವಿನಲ್ಲಿ ಆ ಟೈಮರ್ ತೆಗೆದುಹಾಕಿ. ಎರಡನೆಯದು ಚಾರ್ಜ್ ಮಿತಿ. ಅದು ಶೇ 50ಕ್ಕೆ ನಿಂತಿದ್ದು ಬ್ಯಾಟರಿ ಶೇ 52ರಲ್ಲಿದ್ದರೆ ಕಾರು ವಿದ್ಯುತ್ ಕೇಳುವುದೇ ಇಲ್ಲ. ಮಿತಿಯನ್ನು 80ಕ್ಕೆ ಇಡಿ. ಮೂರನೆಯದು ನಿಮ್ಮ ಗೋಡೆ ಚಾರ್ಜರ್: ಅದರ ಆ್ಯಪ್‌ನಲ್ಲಿ ನಿಮ್ಮ ಕಾರಿಗೆಂದು ಇಟ್ಟ ವೇಳೆ ಇದ್ದು, ಕಾರಿನದೂ ಚಾರ್ಜರ್‌ನದೂ ಎರಡು ಟೈಮರ್ ಒಂದಕ್ಕೊಂದು ಅಡ್ಡ ಬರುತ್ತಿರಬಹುದು. ಒಂದನ್ನು ಮಾತ್ರ ಉಳಿಸಿಕೊಳ್ಳಿ. ಡಿಕ್ಕಿಯಲ್ಲಿದ್ದ ಪೋರ್ಟಬಲ್ ಚಾರ್ಜರ್ ಬಳಸಿದಾಗ ಕೆಂಪು ದೀಪ ಮಿನುಗಿದರೆ ಸಾಕೆಟ್ಟಿನ ಅರ್ಥಿಂಗ್ ಸರಿಯಿಲ್ಲದಿರಬಹುದು. ಅರ್ಥಿಂಗ್ ಸಿಗದಿದ್ದರೆ ಅಂಥ ಚಾರ್ಜರ್ ಕೆಲಸ ಮಾಡಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಎಕ್ಸ್‌ಟೆನ್ಷನ್ ವೈರು ಹಾಕಿ ಇದನ್ನು ಬಗೆಹರಿಸಲು ಹೋಗಬೇಡಿ. ಗಂಟೆಗಟ್ಟಲೆ 10 ಆಂಪಿಯರ್ ಹರಿದರೆ ಸುರುಳಿ ಸುತ್ತಿದ ವೈರು ಕರಗುತ್ತದೆ.

ಎಷ್ಟು ಹೊತ್ತು ಬೇಕು ಎಂಬುದು ಕಾರಿನೊಳಗಿನ ಚಾರ್ಜರ್ ಮೇಲೂ ನಿಂತಿದೆ. ಗೋಡೆಯಲ್ಲಿ 11 ಕಿಲೋವ್ಯಾಟ್ ಇದ್ದರೂ ಕಾರು 7ನ್ನೇ ತೆಗೆದುಕೊಳ್ಳುವುದಾದರೆ 7 ಅಷ್ಟೇ. 60 ಯೂನಿಟ್ ಬ್ಯಾಟರಿಯನ್ನು 20ರಿಂದ 80 ಶೇಕಡಾಕ್ಕೆ ಏರಿಸಲು 36 ಯೂನಿಟ್ ಬೇಕು. ದಾರಿಯಲ್ಲಿ ಸೋರುವ ಶೇ 10ರಷ್ಟನ್ನು ಸೇರಿಸಿದರೆ ಗೋಡೆಯಿಂದ 40. ಅದು 7.2 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಐದೂವರೆ ಗಂಟೆ, 230 ವೋಲ್ಟಿನ 10 ಆಂಪಿಯರ್ ಸಾಕೆಟ್ಟಿನಲ್ಲಿ 17 ಗಂಟೆಗಿಂತ ಹೆಚ್ಚು.

ರೇಂಜ್ ಸಂಖ್ಯೆಯನ್ನು ಮೊದಲ 40-50 ಕಿ.ಮೀ. ನಂಬಬೇಡಿ. ಅದು ಈ ಹಿಂದೆ ಓಡಿಸಿದವರ ಕಾಲಿನ ಲೆಕ್ಕ, ನಿಮ್ಮದಲ್ಲ. ಶೇಕಡಾವನ್ನು ನಂಬಿ. ಅದೇ 60 ಯೂನಿಟ್ ಬ್ಯಾಟರಿ 45 ಶೇಕಡಾದಲ್ಲಿದ್ದರೆ ಒಳಗಿರುವುದು 27 ಯೂನಿಟ್. ತುರ್ತಿಗೆಂದು ಶೇ 15, ಅಂದರೆ 9 ಯೂನಿಟ್ ಪಕ್ಕಕ್ಕಿಡಿ. ಉಳಿದ 18 ಯೂನಿಟ್, 100 ಕಿ.ಮೀ.ಗೆ 16 ಯೂನಿಟ್ ಖರ್ಚಿನ ಲೆಕ್ಕದಲ್ಲಿ ಸುಮಾರು 110 ಕಿ.ಮೀ. ಕೊಡುತ್ತದೆ. ಅಪರಿಚಿತ ಇವಿಯಲ್ಲಿ ಇದಕ್ಕಿಂತ ದೂರದ ಯೋಜನೆ ಹಾಕುವಾಗ ದಾರಿಯ ಚಾರ್ಜರ್‌ಗೆ ಆ ಕಾರಿನ ಸಾಕೆಟ್ ಹೊಂದುತ್ತದೆಯೇ ಎಂದು ನೋಡಿ. ಏಳು ಪಿನ್ನಿನ ದುಂಡನೆಯ ಬಾಯಿ ಟೈಪ್ 2. ಅದರ ಕೆಳಗೆ ಎರಡು ದಪ್ಪ ಪಿನ್ ಇದ್ದರೆ ಸಿಸಿಎಸ್ 2, ನೇರ ವಿದ್ಯುತ್ತಿನ (ಡಿಸಿ) ಫಾಸ್ಟ್ ಚಾರ್ಜ್ ಸಾಧ್ಯ.

ಸಾರ್ವಜನಿಕ ಚಾರ್ಜರ್‌ನಲ್ಲಿ ನಿಮ್ಮ ಸ್ವಂತ ಆ್ಯಪ್ ಅಥವಾ ಕಾರ್ಡಿನಿಂದಲೇ ಶುರು ಮಾಡಿ. ಕೆಲವು ಕಾರುಗಳಲ್ಲಿ ಪ್ಲಗ್ ಹಾಕಿದರೆ ಸಾಕು, ಕಾರಿಗೆ ಜೋಡಿಸಿದ ಖಾತೆಗೆ ಬಿಲ್ ಹೋಗುತ್ತದೆ. ಆ ಖಾತೆ ಡೀಲರ್‌ನದಾದರೆ ಆಮೇಲೆ ಲೆಕ್ಕ ತೀರಿಸುವ ತಲೆನೋವು. ಕೇಬಲ್ ಸಿಕ್ಕಿಕೊಂಡರೆ ಎಳೆದಾಡಬೇಡಿ, ಕಾರು ಲಾಕ್ ಇರುವಷ್ಟು ಹೊತ್ತು ಅದನ್ನು ಒಳಗಿನ ಪಿನ್ ಹಿಡಿದಿರುತ್ತದೆ. ಚಾರ್ಜ್ ನಿಲ್ಲಿಸಿ, ಕೀಯಿಂದ ಅನ್‌ಲಾಕ್ ಮಾಡಿ, ಬಿಡದಿದ್ದರೆ ಕೈಪಿಡಿಯಲ್ಲಿ ತುರ್ತು ಬಿಡುಗಡೆಯ ಎಳೆ ಎಲ್ಲಿದೆ ಎಂದು ನೋಡಿ. ಅನೇಕ ಕಾರುಗಳಲ್ಲಿ ಅದು ಡಿಕ್ಕಿಯ ಪಕ್ಕದ ಗೋಡೆಯೊಳಗೆ ಅಥವಾ ಬಾನೆಟ್ ಕೆಳಗಿರುತ್ತದೆ.

ಇನ್ನೊಂದು ಮಾತು. ಡೀಲರ್ ಪೂರ್ತಿ 100ಕ್ಕೆ ಚಾರ್ಜ್ ಮಾಡಿ ಕೊಟ್ಟ ಇವಿಯಲ್ಲಿ ಮೊದಲ ಕೆಲವು ಕಿ.ಮೀ. ರೀಜೆನ್ ಬಹಳ ಕಡಿಮೆ ಇರಬಹುದು, ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗವಿಲ್ಲ. ಕೊರೆಯುವ ಚಳಿಯಲ್ಲಿ ತಣ್ಣಗಾದ ಬ್ಯಾಟರಿಯದೂ ಇದೇ ಕಥೆ. ಇವಿಯೇ ಆದರೂ ಬ್ರೇಕ್ ಮೇಲೆ ಕಾಲು ಸಿದ್ಧವಿರಲಿ. ದಾರಿಯಲ್ಲಿ ಚಾರ್ಜ್ ಮುಗಿದು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರು ತಿರುಗಿ ವಿದ್ಯುತ್ ಹುಟ್ಟುತ್ತದೆ. ನಾಲ್ಕೂ ಚಕ್ರ ನೆಲ ಬಿಡುವಂತೆ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ.

ಪ್ರಶ್ನೆ: ನನ್ನ ಇವಿಯನ್ನು ಬಿಡುವಾಗ ಚಾರ್ಜ್ ಎಷ್ಟಿರಬೇಕು? ಆ್ಯಪ್‌ನಿಂದ ಅದರ ಮೇಲೆ ಕಣ್ಣಿಡಬಹುದೇ?

ಉತ್ತರ: 40ರಿಂದ 60 ಶೇಕಡಾ ಸರಿ. ಟೆಸ್ಟ್ ಡ್ರೈವ್‌ಗೂ ಸಾಫ್ಟ್‌ವೇರ್ ಅಪ್‌ಡೇಟ್‌ಗೂ ಸಾಕಾಗುತ್ತದೆ, ರೀಜೆನ್ ಮತ್ತು ಫಾಸ್ಟ್ ಚಾರ್ಜ್ ಪರೀಕ್ಷಿಸಲು ಬ್ಯಾಟರಿಯಲ್ಲಿ ಜಾಗವೂ ಇರುತ್ತದೆ. ಬ್ಯಾಟರಿಯನ್ನೇ ಕೆಳಗಿಳಿಸುವ ಕೆಲಸವಿದ್ದರೆ ಇನ್ನೂ ಕಡಿಮೆ ಕೇಳಬಹುದು, ಮೊದಲೇ ವಿಚಾರಿಸಿ.

ಕಣ್ಣಿಡಿ, ಕೈಯಿಡಬೇಡಿ. ಹೈ ವೋಲ್ಟೇಜ್ ಭಾಗ ಮುಟ್ಟುವ ಮುನ್ನ ಮೆಕ್ಯಾನಿಕ್ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ವಿದ್ಯುತ್ ಹಿಡಿದಿಟ್ಟಿರುವ ಕೆಪಾಸಿಟರ್‌ಗಳು ಖಾಲಿಯಾಗುವವರೆಗೆ ಕೆಲವು ನಿಮಿಷ ಕಾದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕುತ್ತಾರೆ. ಅಷ್ಟರಲ್ಲಿ ನೀವು ಮನೆಯಿಂದ ಎಸಿ ಆನ್ ಮಾಡಿದರೆ ಕಾರನ್ನು ಎಬ್ಬಿಸಿದಂತೆ, ಏಕೆಂದರೆ ಎಸಿ ಕಂಪ್ರೆಸರ್ ಓಡುವುದೇ ಹೈ ವೋಲ್ಟೇಜ್‌ನಲ್ಲಿ. ಸರಿಯಾಗಿ ಬೇರ್ಪಡಿಸಿದ್ದರೆ ಏನೂ ಆಗದು, ಆದರೂ ಬಾನೆಟ್ ಕೆಳಗೆ ಒಬ್ಬರ ಕೈಯಿದ್ದಾಗ ಫ್ಯಾನ್ ತಿರುಗುವ ಸಾಧ್ಯತೆಯನ್ನೇ ನೀವು ಉಳಿಸಬಾರದು. ಆ್ಯಪ್‌ನಲ್ಲಿಟ್ಟ ದಿನನಿತ್ಯದ ಎಸಿ ವೇಳಾಪಟ್ಟಿಯನ್ನು ಬಿಡುವ ಹಿಂದಿನ ರಾತ್ರಿಯೇ ತೆಗೆಯಿರಿ, ಇದನ್ನು ಮರೆಯುವವರೇ ಹೆಚ್ಚು. ಆ್ಯಪ್ ‘ಸಂಪರ್ಕವಿಲ್ಲ’ ಎಂದರೆ ಗಾಬರಿ ಬೇಡ, 12 ವೋಲ್ಟ್ ಬ್ಯಾಟರಿ ಬಿಚ್ಚಿರಬಹುದು.

ಫೋನನ್ನೇ ಕೀಯಾಗಿ ಬಳಸುವವರು ಕಾರ್ಡ್ ಅಥವಾ ಕೀಯನ್ನು ಕೊಡಲೇಬೇಕು. ಓಡಿಸಲು ಪಿನ್ ಇಟ್ಟಿದ್ದರೆ ತೆಗೆಯಿರಿ. ಕಾವಲು ಕ್ಯಾಮೆರಾ ಆಫ್ ಮಾಡಿ, ವರ್ಕ್‌ಶಾಪಿನಲ್ಲಿ ಅದು ಇಡೀ ದಿನ ಬ್ಯಾಟರಿ ತಿನ್ನುತ್ತದೆ. ದೂರು ಚಾರ್ಜಿಂಗ್ ಬಗ್ಗೆಯಾದರೆ ನಿಮ್ಮ ಕೇಬಲ್ಲೂ ಕಾರಿನಲ್ಲೇ ಇರಲಿ, ಇಲ್ಲದಿದ್ದರೆ ಮನೆಯಲ್ಲಿಡಿ. ದೋಷ ಕಾಣಿಸಿದ ದಿನಾಂಕ, ಗಂಟೆ, ಆಗಿನ ಶೇಕಡಾ, ಹೊರಗಿನ ತಾಪಮಾನ, ಯಾವ ಬಗೆಯ ಚಾರ್ಜರ್ ಎಂಬುದನ್ನು ಬರೆದು ಕೊಡಿ. ಕಾರಿನ ದಾಖಲೆಯನ್ನು ಹುಡುಕುವುದು ಸಮಯದ ಆಧಾರದ ಮೇಲೆ. ‘ಆಗಾಗ ಹೀಗಾಗುತ್ತದೆ’ ಎಂದರೆ ‘ದೋಷ ಕಂಡುಬಂದಿಲ್ಲ’ ಎಂಬ ಷರಾದೊಂದಿಗೆ ಕಾರು ವಾಪಸ್ ಬರುತ್ತದೆ.

ಪ್ರಶ್ನೆ: ಒಂದೇ ದಿನ ಎಂದವರು ವಾರ ಕಳೆದರೂ ಕಾರು ಕೊಟ್ಟಿಲ್ಲ. ಬದಲಿ ಕಾರು ಅಲ್ಲಿಯವರೆಗೆ ಕೊಡಲೇಬೇಕೇ?

ಉತ್ತರ: ವಾಡಿಕೆಯ ಸರ್ವಿಸ್‌ನಲ್ಲಿ ಎಸಿ ಫಿಲ್ಟರ್, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ, ಕೂಲೆಂಟ್ ಮಟ್ಟ, 12 ವೋಲ್ಟ್ ಬ್ಯಾಟರಿ, ಬಳಕೆ ಕಡಿಮೆಯಾಗಿ ತುಕ್ಕು ಹಿಡಿದ ಬ್ರೇಕ್ ಭಾಗಗಳ ಶುದ್ಧಿ ಇರುತ್ತದೆ, ಅರ್ಧ ದಿನದ ಕೆಲಸ. ಬ್ಯಾಟರಿ ತೆರೆಯುವುದಾದರೆ ಹಾಗಲ್ಲ. ನೂರಾರು ಕಿಲೊ ತೂಕದ ಪೆಟ್ಟಿಗೆಯನ್ನು ಇಳಿಸಿ, ಭಾಗ ತರಿಸಿ, ಮುಚ್ಚಿ, ನೀರು ಒಸರದಂತೆ ಪರೀಕ್ಷಿಸಿ, ಕೂಲೆಂಟಿನಿಂದ ಗಾಳಿ ತೆಗೆಯಬೇಕು. ಭಾಗ ಬರುವುದೇ ತಡ.

ಬದಲಿ ಕಾರಿನ ಹಕ್ಕು ವಾರಂಟಿ ಪುಸ್ತಕದಲ್ಲಿ, ರಸ್ತೆ ನೆರವಿನ ಒಪ್ಪಂದದಲ್ಲಿ ಅಥವಾ ನಿಮ್ಮ ವಿಮೆಯಲ್ಲಿ ಬರೆದಿದ್ದರೆ ಮಾತ್ರ ಹಕ್ಕು. ಇಲ್ಲದಿದ್ದರೆ ಅದು ಡೀಲರ್‌ನ ಸೌಜನ್ಯ. ಬ್ಯಾಟರಿಗೆ ಹಲವು ತಯಾರಕರು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಾರೆ, ಆದರೆ ಅದರ ಜೊತೆಗೆ ಬದಲಿ ಕಾರೂ ಬರುತ್ತದೆ ಎಂದು ಅರ್ಥವಲ್ಲ. ನಮೂನೆಯಲ್ಲಿ ‘ದುರಸ್ತಿ ಮುಗಿಯುವವರೆಗೆ’ ಎಂದು ಬರೆಸಿಕೊಳ್ಳಿ, ದಿನಾಂಕವಷ್ಟೇ ಇದ್ದರೆ ಆ ದಿನಾಂಕ ದಾಟಿದ ಮೇಲೆ ವಿಮೆಯೂ ಇಲ್ಲದಿರಬಹುದು. ನೀವು ಈಗಲೇ ಫೋನ್ ಮಾಡಿ ಅವಧಿಯನ್ನು ಬರಹದಲ್ಲಿ ವಿಸ್ತರಿಸಿಕೊಳ್ಳಿ.

ಪ್ರಶ್ನೆ: ಎರಡು ವರ್ಷದ ಮಗುವಿನ ಸೀಟನ್ನು ಬದಲಿ ಕಾರಿಗೆ ಹಾಕಬಹುದೇ?

ಉತ್ತರ: ಬುಕಿಂಗ್ ಮಾಡುವಾಗಲೇ ಐಸೊಫಿಕ್ಸ್, ಅಂದರೆ ಮಗುವಿನ ಸೀಟನ್ನು ಕಾರಿಗೆ ಬಿಗಿಯುವ, ಕೊಂಡಿಗಳಿವೆಯೇ ಎಂದು ಕೇಳಿ. ಕೊಂಡಿ ಸಿಕ್ಕಿಕೊಂಡಾಗ ಸೀಟಿನ ಗುರುತು ಹಸಿರಾಗಬೇಕು. ಮೇಲಿನ ಪಟ್ಟಿ ಇರುವ ಸೀಟಾದರೆ ಅದನ್ನು ಸಾಮಾನು ಕಟ್ಟುವ ಬಳೆಗೆ ಸಿಕ್ಕಿಸಬೇಡಿ, ಅದಕ್ಕೆಂದೇ ಗುರುತಿರುವ ಕೊಂಡಿ ಬೇರೆ ಇರುತ್ತದೆ. ನೆಲಕ್ಕೆ ಊರುವ ಕಾಲಿರುವ ಸೀಟಾದರೆ ಆ ಜಾಗದಲ್ಲಿ ನೆಲದೊಳಗಿನ ಸಾಮಾನು ಡಬ್ಬಿಯ ಮುಚ್ಚಳ ಇರಬಾರದು. ಹಿಂಮುಖ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವ ಕಾರಣಕ್ಕೂ ಇಡಬೇಡಿ.

ಪ್ರಶ್ನೆ: ಬದಲಿ ಕಾರಿಗೆ ಫೋನ್ ಜೋಡಿಸಿದ್ದೆ. ಹಿಂದಿರುಗಿಸಿದ ಮೇಲೆ ಚಿಂತೆ ಹತ್ತಿದೆ. ನನ್ನ ಕಾರನ್ನು ಪಡೆಯುವಾಗ ಏನು ನೋಡಬೇಕು ಎಂಬುದನ್ನೂ ತಿಳಿಸಿ.

ಉತ್ತರ: ಬ್ಲೂಟೂತ್ ಜೋಡಿಸಿದಾಗ ಅನುಮತಿ ಕೊಟ್ಟಿದ್ದರೆ ನಿಮ್ಮ ಸಂಪರ್ಕಗಳೂ ಕರೆಗಳ ಪಟ್ಟಿಯೂ ಕಾರಿಗೆ ನಕಲಾಗಿರುತ್ತವೆ, ನಕ್ಷೆಯಲ್ಲಿ ಮನೆ ವಿಳಾಸ ಉಳಿದಿರುತ್ತದೆ. ಡೀಲರ್‌ಗೆ ಫೋನ್ ಮಾಡಿ ಆ ಕಾರನ್ನು ಫ್ಯಾಕ್ಟರಿ ರೀಸೆಟ್ ಮಾಡಲು ಹೇಳಿ. ಹಾಡು, ವಿಡಿಯೊ ಖಾತೆಗಳಿಗೆ ಲಾಗಿನ್ ಆಗಿದ್ದರೆ ಫೋನಿನಿಂದಲೇ ‘ಎಲ್ಲಾ ಸಾಧನಗಳಿಂದ ಹೊರಬನ್ನಿ’ ಆಯ್ಕೆ ಒತ್ತಿ. ಮುಂದಿನ ಸಲ ಕೀ ಕೊಡುವ ಮುನ್ನ ನೀವೇ ರೀಸೆಟ್ ಮಾಡಿ. ಕಾರಿನಿಂದ ಫೋನಿನ ಹೆಸರು ಅಳಿಸಿದರೆ ಸಾಲದು, ನಕ್ಷೆಯ ಇತಿಹಾಸ ಬೇರೆಯೇ ಇರುತ್ತದೆ.

ನಿಮ್ಮ ಕಾರು ಕೈಗೆ ಬಂದಾಗ ಅಂಗಳ ಬಿಡುವ ಮುನ್ನ ರೀಜೆನ್ ಮಟ್ಟ ನೋಡಿ. ಅಪ್‌ಡೇಟ್ ಆದ ಮೇಲೆ ಅದು, ಚಾರ್ಜ್ ಮಿತಿ, ವೇಳಾಪಟ್ಟಿ ಮೂಲ ಸ್ಥಿತಿಗೆ ಮರಳಿರುವುದುಂಟು. ವಾರವಿಡೀ ಪೆಟ್ರೋಲ್ ಕಾರು ಓಡಿಸಿದ ಕಾಲಿಗೆ ಈಗ ಉಲ್ಟಾ ಪಾಠ: ಕಾಲೆತ್ತಿದೊಡನೆ ಕಾರು ಎಳೆದು ನಿಲ್ಲುತ್ತದೆ, ಹಿಂದಿನವರು ಅದನ್ನು ನಿರೀಕ್ಷಿಸಿರುವುದಿಲ್ಲ. ಚಾರ್ಜಿಂಗ್ ದೂರಿಗೇ ಬಿಟ್ಟಿದ್ದರೆ ಎಸಿ (ಮನೆಯ ಬಗೆಯ), ಡಿಸಿ (ಫಾಸ್ಟ್) ಚಾರ್ಜರ್ ಎರಡರಲ್ಲೂ ಐದು ನಿಮಿಷ ಅಲ್ಲೇ ಚಾರ್ಜ್ ಮಾಡಿಸಿ ನೋಡಿ. ಬಿಲ್ಲಿನಲ್ಲಿ ಬದಲಿಸಿದ ಭಾಗದ ಸಂಖ್ಯೆ ಮತ್ತು ಸಾಫ್ಟ್‌ವೇರ್ ಆವೃತ್ತಿ ಇರಲಿ.

ಬದಲಿ ಕಾರಿನಿಂದ ಮಗುವಿನ ಸೀಟು, ಟೋಲ್ ಟ್ಯಾಗ್, ಚಾರ್ಜಿಂಗ್ ಕಾರ್ಡ್ ತೆಗೆದುಕೊಂಡು, ಮತ್ತೊಂದು ಸುತ್ತು ವಿಡಿಯೊ ಮಾಡಿ. ಕೀ ಒಪ್ಪಿಸಿದ ದಿನಾಂಕ, ಗಂಟೆ, ಓಡಿದ ಕಿ.ಮೀ. ಬರೆದು ಸಹಿ ಮಾಡಿದ ಪ್ರತಿಯನ್ನು ಪಡೆದುಕೊಳ್ಳಿ. ಸಂಚಾರ ದಂಡದ ನೋಟಿಸು ಬರುವುದು ವಾರಗಳ ನಂತರ. ಆ ಹೊತ್ತಿಗೆ ಕಾರು ಯಾರ ಕೈಯಲ್ಲಿತ್ತು ಎಂಬುದನ್ನು ಈ ಪ್ರತಿ ತೋರಿಸುತ್ತದೆ.